ಕೈ ಎದ್ದಿತು, ಮನಸ್ಸು ಏಳಲಿಲ್ಲ

"ಕೈಕಾಲು ಸ್ವಾಧೀನ ತಪ್ಪಿ ಮಲಗಿದ ಮನುಷ್ಯನಿಗೆ ಬೇಜಾರಾಗದೆ ಇನ್ನೇನಾಗುತ್ತದೆ?" ಲಕ್ವ ಹೊಡೆದವರ ಮನೆಯಲ್ಲಿ ಈ ಮಾತು ಬಾರದೆ ಇರುವುದಿಲ್ಲ. ಬಹುಕಾಲ ವೈದ್ಯರ ಬಾಯಲ್ಲೂ ಇದೇ ಮಾತಿತ್ತು. ನಿನ್ನೆಯವರೆಗೆ ತೋಟಕ್ಕೆ ನೀರು ಬಿಟ್ಟು ಬರುತ್ತಿದ್ದವರು ಇವತ್ತು ಪಂಚೆ ಉಟ್ಟುಕೊಳ್ಳಲು ಮಗನನ್ನು ಕೂಗಬೇಕಾದರೆ ದುಃಖವಾಗುವುದು ನ್ಯಾಯವೇ. ಆದರೆ ಆ ದುಃಖವೆಲ್ಲ ಕೈಕಾಲು ಹೋದದ್ದಕ್ಕೇ ಬಂದದ್ದಾದರೆ, ಬೇರೆ ಕಾರಣದಿಂದ ಅಷ್ಟೇ ಪರಾಧೀನರಾದವರಲ್ಲೂ ಅಷ್ಟೇ ಖಿನ್ನತೆ ಕಾಣಬೇಕಲ್ಲ?

ಈ ಪ್ರಶ್ನೆಯನ್ನು ಲೆಕ್ಕಕ್ಕಿಳಿಸಿದವರು ಅಮೆರಿಕದ ಮನೋವೈದ್ಯ ಮಾರ್ಷಲ್ ಫೋಲ್‌ಸ್ಟೈನ್ ಮತ್ತು ಸಂಗಡಿಗರು. ವಯಸ್ಸಾದವರ ಮರೆವನ್ನು ಅಳೆಯಲು "ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು" ಎಂದು ಕೇಳುವ ಪರೀಕ್ಷೆಯನ್ನು 1975ರಲ್ಲಿ ರೂಪಿಸಿದವರೂ ಇವರೇ. 1977ರಲ್ಲಿ ಅವರು ಪಾರ್ಶ್ವವಾಯುವಿನ 20 ರೋಗಿಗಳನ್ನೂ ಮೂಳೆ-ಕೀಲುಗಳ ತೊಂದರೆಯ 10 ರೋಗಿಗಳನ್ನೂ ಹೋಲಿಸಿ ನೋಡಿದರು. ದೈನಂದಿನ ಕೆಲಸಗಳಿಗೆ ಪರರನ್ನು ಅವಲಂಬಿಸುವ ಮಟ್ಟ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಮೂಳೆಯ ತೊಂದರೆಯವರಲ್ಲಿ ಖಿನ್ನತೆ ಕಂಡದ್ದು ಶೇ. 10ರಷ್ಟು ಮಂದಿಗೆ, ಅಂದರೆ ಒಬ್ಬರಿಗೆ. ಪಾರ್ಶ್ವವಾಯುವಿನವರಲ್ಲಿ ಶೇ. 45. ಮೂವತ್ತೇ ಮಂದಿಯ ಅಧ್ಯಯನ. ಇಂದಿನ ಅಳತೆಗೆ ಇದು ಏನೇನೂ ಅಲ್ಲ. ಆದರೂ ಒಂದು ಅನುಮಾನವನ್ನು ಅದು ಹುಟ್ಟುಹಾಕಿತು: ಮಿದುಳಿಗೇ ಪೆಟ್ಟು ಬಿದ್ದಾಗ ಮನಸ್ಸು ಕುಸಿಯುವುದು, ಕಾಲು ಮುರಿದಾಗ ಮನಸ್ಸು ನೋಯುವುದು, ಎರಡೂ ಒಂದೇ ಅಲ್ಲದಿರಬಹುದು.

ಆಮೇಲೆ ದೊಡ್ಡ ಲೆಕ್ಕಗಳು ಬಂದವು. 2014ರಲ್ಲಿ ಮರೀ ಹ್ಯಾಕೆಟ್ ಮತ್ತು ಕ್ರಿಸ್ಟೆನ್ ಪಿಕಲ್ಸ್ ಅದುವರೆಗಿನ 61 ಅಧ್ಯಯನಗಳ 25,488 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಪಾರ್ಶ್ವವಾಯುವಾದ ಐದು ವರ್ಷದೊಳಗೆ ಯಾವ ಹಂತದಲ್ಲಿ ನೋಡಿದರೂ ಸುಮಾರು ಶೇ. 31 ಮಂದಿ ಖಿನ್ನತೆಯಲ್ಲಿದ್ದರು. ಪ್ರತಿಯೊಬ್ಬ ಪ್ರಜೆಯ ಆಸ್ಪತ್ರೆ ದಾಖಲೆ, ಔಷಧಿ ಚೀಟಿ ಎಲ್ಲವನ್ನೂ ಜೋಡಿಸಿಡುವ ಡೆನ್ಮಾರ್ಕ್‌ನಲ್ಲಿ 2016ರಲ್ಲಿ ಇನ್ನೊಂದು ಎಣಿಕೆ ನಡೆಯಿತು. ಪಾರ್ಶ್ವವಾಯುವಾದ ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಎರಡು ವರ್ಷದೊಳಗೆ ಖಿನ್ನತೆಗೆ ಒಳಗಾದವರು ಶೇ. 25.4. ಅದೇ ಅವಧಿಯಲ್ಲಿ ಪಾರ್ಶ್ವವಾಯುವಾಗದ ಜನರಲ್ಲಿ ಈ ಪ್ರಮಾಣ ಶೇ. 7.8. ಖಿನ್ನತೆಗೊಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಕಾಣಿಸಿಕೊಂಡದ್ದು ಮೊದಲ ಮೂರು ತಿಂಗಳೊಳಗೇ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ, ನೆಂಟರಿಷ್ಟರು ಬಂದು ನೋಡಿಕೊಂಡು ಹೋಗಿ, ಮನೆ ತಣ್ಣಗಾಗುವ ಹೊತ್ತು ಅದು.

ಮಿದುಳಿನ ಯಾವ ಜಾಗಕ್ಕೆ ಪೆಟ್ಟು ಬಿದ್ದರೆ ಹೀಗಾಗುತ್ತದೆ? ಈ ಕ್ಷೇತ್ರದ ಮೊದಲ ಎರಡು ದಶಕಗಳನ್ನು ಈ ಪ್ರಶ್ನೆಯೇ ತಿಂದುಹಾಕಿತು. ಅದರ ಹಿಂದೆ ಬಿದ್ದವರು ಮನೋವೈದ್ಯ ರಾಬರ್ಟ್ ರಾಬಿನ್ಸನ್. ಅವರು ಶುರುಮಾಡಿದ್ದು ಇಲಿಗಳಿಂದ. ಇಲಿಯ ಬಲ ಮಿದುಳಿಗೆ ರಕ್ತ ಒಯ್ಯುವ ನಡುಧಮನಿಯನ್ನು ಕಟ್ಟಿದರೆ ಅದು ಸುಮ್ಮನಿರದೆ ಓಡಾಡತೊಡಗುತ್ತಿತ್ತು. ನೋರ್‌ಅಡ್ರಿನಲಿನ್, ಡೋಪಮಿನ್ ಎಂಬ ರಾಸಾಯನಿಕಗಳು ಪೆಟ್ಟು ಬಿದ್ದ ಜಾಗದಿಂದ ದೂರದಲ್ಲೂ ಕಡಿಮೆಯಾಗುತ್ತಿದ್ದವು. ಎಡಗಡೆ ಕಟ್ಟಿದರೆ ಇದಾವುದೂ ಇಲ್ಲ. ಒಂದು ಮೂಲೆಯ ಗಾಯ ಇಡೀ ಮಿದುಳಿನ ರಸಾಯನವನ್ನು ಕದಡಬಹುದು, ಅದೂ ಎಡ-ಬಲದ ಭೇದ ಇಟ್ಟುಕೊಂಡು ಎಂದು 1979ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಬರೆದರು. ಮನುಷ್ಯರ ಕಡೆ ತಿರುಗಿದಾಗ ಸಿಕ್ಕಿದ್ದು ಮಾತ್ರ ತಿರುಗಾಮುರುಗಾ. ಎಡ ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಖಿನ್ನತೆ ಜಾಸ್ತಿ, ಗಾಯ ಹಣೆಯ ತುದಿಗೆ ಹತ್ತಿರವಾದಷ್ಟೂ ಅದು ತೀವ್ರ ಎಂದು 1984ರಲ್ಲಿ ಅವರ ತಂಡ ಪ್ರಕಟಿಸಿತು.

ಎಂಥ ಅಚ್ಚುಕಟ್ಟಾದ ಉತ್ತರ! ಹಲವು ವರ್ಷ ಪಠ್ಯಪುಸ್ತಕಗಳಲ್ಲಿ ಅದು ಆರಾಮಾಗಿ ಕೂತಿತ್ತು. ಅಷ್ಟರಲ್ಲಿ ಬ್ರಿಟನ್ನಿನಿಂದ ಅಪಸ್ವರ ಬಂತು. ಆಕ್ಸ್‌ಫರ್ಡ್‌ಶೈರ್‌ನಲ್ಲಿ ಅಲನ್ ಹೌಸ್ ಆಸ್ಪತ್ರೆಗೆ ಸೇರಿದವರನ್ನಷ್ಟೇ ನೋಡದೆ ಊರಿನ ಸಮುದಾಯದಲ್ಲೇ ರೋಗಿಗಳನ್ನು ಹುಡುಕಿ ನೋಡಿದಾಗ ಎಡ-ಬಲದ ಆ ಸಂಬಂಧ ಕಾಣಲಿಲ್ಲ. 2000ದಲ್ಲಿ ಎಡಿನ್‌ಬರೋದ ಅಲನ್ ಕಾರ್ಸನ್ ಮತ್ತು ಸಂಗಡಿಗರು ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ 'ಲ್ಯಾನ್ಸೆಟ್'ನಲ್ಲಿ ತೀರ್ಪು ಕೊಟ್ಟರು: ಗಾಯದ ಜಾಗಕ್ಕೂ ಖಿನ್ನತೆಗೂ ನಂಟಿದೆ ಎನ್ನಲು ಆಧಾರ ಸಾಲದು. ಇಷ್ಟು ವರ್ಷ ಒಂದೇ ಪ್ರಶ್ನೆಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಸಿಕ್ಕಿದ್ದಾದರೂ ಹೇಗೆ? ಒಬ್ಬರು ಪೆಟ್ಟು ಬಿದ್ದ ವಾರದಲ್ಲಿ ನೋಡಿದ್ದರು, ಇನ್ನೊಬ್ಬರು ವರ್ಷದ ನಂತರ. ಒಬ್ಬರದು ಆಸ್ಪತ್ರೆಯ ರೋಗಿಗಳು, ಇನ್ನೊಬ್ಬರದು ಮನೆಯಲ್ಲಿರುವವರು. ಇನ್ನೂ ಒಂದು ಕಾರಣವಿದೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಬಹುಪಾಲು ಜನರಲ್ಲಿ ಮಾತಿನ ಕೇಂದ್ರಗಳು ಇರುವುದು ಎಡ ಮಿದುಳಿನಲ್ಲಿ. ಎಡಗಡೆ ದೊಡ್ಡ ಪೆಟ್ಟು ಬಿದ್ದವರು ಮಾತು ಕಳೆದುಕೊಳ್ಳುತ್ತಾರೆ. ಮಾತಿಲ್ಲದವರಿಗೆ "ನಿಮಗೆ ಹೇಗನ್ನಿಸುತ್ತಿದೆ" ಎಂದು ಕೇಳುವುದು ಹೇಗೆಂದು ಸಂಶೋಧಕರು ಅವರನ್ನು ಅಧ್ಯಯನದಿಂದಲೇ ಕೈಬಿಡುತ್ತಿದ್ದರು. ಎಡಕ್ಕೋ ಬಲಕ್ಕೋ ಎಂದು ಜಗಳವಾಡುತ್ತಿದ್ದವರ ತಕ್ಕಡಿಯಲ್ಲಿ ಎಡಗಡೆಯ ಅತಿ ಭಾರದ ರೋಗಿಗಳೇ ಇರಲಿಲ್ಲ.

ಜಾಗದ ಪ್ರಶ್ನೆ ಸತ್ತೇಹೋಯಿತು ಎನ್ನುವಷ್ಟರಲ್ಲಿ ಅದು ಬೇರೆ ರೂಪದಲ್ಲಿ ಎದ್ದು ಬಂತು. ಹೊಲದ ಪಂಪ್‌ಸೆಟ್ ನಿಂತರೆ ಮೋಟಾರೇ ಸುಟ್ಟಿರಬೇಕೆಂದಿಲ್ಲ. ಊರಾಚೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿರಬಹುದು, ನಡುವೆ ಎಲ್ಲೋ ಲೈನು ಹರಿದಿರಬಹುದು. ನಿಲ್ಲುವುದು ಮಾತ್ರ ಅದೇ ಪಂಪು. ಬಾಸ್ಟನ್ನಿನ ನರವಿಜ್ಞಾನಿ ಮೈಕೆಲ್ ಫಾಕ್ಸ್ ಅವರ ಬಳಗ ಮಿದುಳನ್ನು ಹೀಗೆ ನೋಡಿತು. ಆರೋಗ್ಯವಂತರ ಮಿದುಳುಗಳನ್ನು ಸ್ಕ್ಯಾನ್ ಮಾಡಿ, ಯಾವ ಭಾಗ ಯಾವ ಭಾಗದೊಂದಿಗೆ ಜೊತೆಜೊತೆಯಾಗಿ ಚುರುಕಾಗುತ್ತದೆ ಎಂಬ ನಕ್ಷೆ ಮೊದಲೇ ಸಿದ್ಧವಿತ್ತು. ರೋಗಿಯ ಗಾಯವನ್ನು ಆ ನಕ್ಷೆಯ ಮೇಲಿಟ್ಟು, ಇಲ್ಲಿ ಪೆಟ್ಟು ಬಿದ್ದರೆ ದೂರದ ಯಾವ ಯಾವ ಭಾಗಗಳ ನಂಟು ಕೆಡುತ್ತದೆ ಎಂದು ಲೆಕ್ಕ ಹಾಕಿದರು. 2019ರಲ್ಲಿ 461 ರೋಗಿಗಳ ಮಾಹಿತಿಯನ್ನು ಹೀಗೆ ಪರಿಶೀಲಿಸಿದಾಗ ಖಿನ್ನತೆ ತಂದ ಗಾಯಗಳು ಮಿದುಳಿನ ಎಲ್ಲೆಲ್ಲೋ ಚದುರಿದ್ದವು, ಒಂದೇ ಜಾಗದಲ್ಲಿ ಇರಲಿಲ್ಲ. ಆದರೆ ಅವು ನಂಟು ಹೊಂದಿದ್ದ ಜಾಲ ಒಂದೇ. ಅದರ ನಡುಬಿಂದು ಎಡ ಮಿದುಳಿನ ಮುಂಭಾಗದ ಮೇಲ್ಬದಿ. ರಾಬಿನ್ಸನ್ ಬೆರಳಿಟ್ಟು ತೋರಿಸಿದ್ದ ಎಡ ಮುಂಭಾಗವೇ, ಗಾಯದ ಜಾಗವಾಗಿ ಅಲ್ಲ, ಗಾಯದ ಪರಿಣಾಮ ತಲುಪುವ ಜಾಗವಾಗಿ ಮರಳಿ ಬಂದಿತ್ತು. ಖಿನ್ನತೆಗೆ ತಲೆಯ ಹೊರಗಿನಿಂದ ಕಾಂತದ ಮಿಡಿತ ಕೊಡುವ ಟಿಎಂಎಸ್ ಚಿಕಿತ್ಸೆಯ ಸುರುಳಿಯನ್ನು ವೈದ್ಯರು ಸಾಮಾನ್ಯವಾಗಿ ಇಡುವುದೂ ಇದೇ ಜಾಗಕ್ಕೆ. ಪಾರ್ಶ್ವವಾಯುವಿನ ನಂತರದ ಖಿನ್ನತೆಗೆ ಅದರ ಪ್ರಯೋಗಗಳು ನಡೆಯುತ್ತಿವೆ, ಹೆಚ್ಚಿನವು ಚಿಕ್ಕವು.

ಈಚೆಗೆ ಬರುತ್ತಿರುವ ಲೇಖನಗಳ ರಾಶಿಯನ್ನೇ ಎಣಿಸಿ, ಯಾವ ಪದ ಎಷ್ಟು ಸಲ ಬಂತು, ಯಾರು ಯಾರನ್ನು ಉಲ್ಲೇಖಿಸಿದರು ಎಂದು ಬಣ್ಣಬಣ್ಣದ ಗುಳ್ಳೆಗಳ ನಕ್ಷೆ ಬಿಡಿಸುವುದೂ ಒಂದು ಸಂಶೋಧನೆಯಾಗಿದೆ. ಅಂಥ ನಕ್ಷೆಗಳಲ್ಲಿ ಅಮೆರಿಕ ಮತ್ತು ಚೀನಾದ ಗುಳ್ಳೆಗಳೇ ದೊಡ್ಡವು. ಹಳೆಯ ಗುಳ್ಳೆಗಳಲ್ಲಿ 'ಗಾಯದ ಜಾಗ' ಎಂದಿದ್ದರೆ ಹೊಸವುಗಳಲ್ಲಿ 'ಉರಿಯೂತ', 'ಕರುಳಿನ ಸೂಕ್ಷ್ಮಜೀವಿ', 'ನರಜಾಲ' ಎಂದಿರುತ್ತದೆ. ಉರಿಯೂತದ ವಾದ ಸಂಕ್ಷೇಪವಾಗಿ ಹೀಗೆ: ರಕ್ತ ಸಿಗದೆ ಮಿದುಳಿನ ಕೋಶಗಳು ಸತ್ತಾಗ ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನುಗಳು ಏರುತ್ತವೆ. ಅವು ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಸಿರೊಟೋನಿನ್ ತಯಾರಿಗೆ ಬೇಕಾದ ಟ್ರಿಪ್ಟೊಫ್ಯಾನನ್ನು ಆ ಕಿಣ್ವ ಬೇರೆ ದಾರಿಗೆ ಎಳೆದುಕೊಳ್ಳುತ್ತದೆ. ವಾದ ಸೊಗಸಾಗಿದೆ. ಆದರೆ ಅದನ್ನು ಹಿಡಿದು ರೋಗಿಗೆ ಕೊಡಬಹುದಾದ ಹೊಸ ಔಷಧಿ ಇನ್ನೂ ಬಂದಿಲ್ಲ. ಲೇಖನಗಳ ಸಂಖ್ಯೆ ಏರಿದ ವೇಗದಲ್ಲಿ ಚಿಕಿತ್ಸೆಯ ಆಯ್ಕೆಗಳು ಏರಿಲ್ಲವೆಂಬುದನ್ನು ಆ ಗುಳ್ಳೆಗಳ ನಕ್ಷೆ ತೋರಿಸುವುದಿಲ್ಲ.

ಹಾಗಾದರೆ ಕೈಯಲ್ಲಿರುವ ಔಷಧಿಗಳ ಕಥೆ ಏನು? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸಂಶೋಧನೆಯ ಅವಸರ, ಆಸೆ, ಶಿಸ್ತು ಮೂರೂ ಇದರಲ್ಲಿವೆ.

1984ರಲ್ಲಿ ನಾರ್‌ಟ್ರಿಪ್ಟಿಲಿನ್, 1994ರಲ್ಲಿ ಡೆನ್ಮಾರ್ಕ್‌ನಲ್ಲಿ ಸಿಟಾಲೊಪ್ರಾಮ್ ಪಾರ್ಶ್ವವಾಯುವಿನ ನಂತರದ ಖಿನ್ನತೆಯನ್ನು ತಗ್ಗಿಸುತ್ತವೆ ಎಂದು ಚಿಕ್ಕ ಪ್ರಯೋಗಗಳು ತೋರಿಸಿದವು. ಮುಂದಿನ ಹೆಜ್ಜೆ ಸಹಜವೇ: ಖಿನ್ನತೆ ಬರುವ ಮೊದಲೇ ಮಾತ್ರೆ ಕೊಟ್ಟು ತಡೆಯಬಹುದೆ? 2008ರಲ್ಲಿ ರಾಬಿನ್ಸನ್ ತಂಡ ಇನ್ನೂ ಖಿನ್ನತೆಯಿಲ್ಲದ 176 ರೋಗಿಗಳನ್ನು ಮೂರು ಗುಂಪು ಮಾಡಿತು. ಒಂದು ಗುಂಪಿಗೆ ಎಸ್ಸಿಟಾಲೊಪ್ರಾಮ್, ಇನ್ನೊಂದಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. ಮೂರನೆಯ ಗುಂಪಿಗೆ ಮಾತ್ರೆಯೇ ಇಲ್ಲ. ಸಲಹೆಗಾರರು ಕೂತು ಅವರ ಒಂದೊಂದೇ ತೊಡಕನ್ನು ಎತ್ತಿಕೊಂಡು, ಪರಿಹಾರಗಳನ್ನು ಪಟ್ಟಿ ಮಾಡಿಸಿ, ಒಂದನ್ನು ಆರಿಸಿ ಮಾಡಿ ನೋಡುವಂತೆ ಕಲಿಸಿದರು. ವರ್ಷದ ಕೊನೆಗೆ ಖಿನ್ನತೆ ಬಂದವರು ಹುಸಿ ಮಾತ್ರೆಯ ಗುಂಪಿನಲ್ಲಿ ಶೇ. 22.4, ಔಷಧಿಯ ಗುಂಪಿನಲ್ಲಿ ಶೇ. 8.5, ಮಾತಿನ ಚಿಕಿತ್ಸೆಯವರಲ್ಲಿ ಶೇ. 11.9. ಪತ್ರಿಕೆಗಳ ತಲೆಬರಹಕ್ಕೆ ಏರಿದ್ದು ಮಾತ್ರೆ. ಖಾಲಿ ಹಾಳೆ, ಪೆನ್ನು, ಎದುರಿಗೊಬ್ಬ ತಾಳ್ಮೆಯ ಮನುಷ್ಯ, ಇಷ್ಟರಿಂದಲೇ ಮಾತ್ರೆಗೆ ಸಮೀಪದ ಅಂಕಿ ಬಂತು ಎಂಬುದು ಒಳಪುಟದಲ್ಲಿ ಉಳಿಯಿತು.

2011ರಲ್ಲಿ ಫ್ರಾನ್ಸಿನಿಂದ ಬಂದ ಸುದ್ದಿ ಇನ್ನೂ ದೊಡ್ಡದು. 'ಫ್ಲೇಮ್' ಎಂಬ ಪ್ರಯೋಗದಲ್ಲಿ 118 ರೋಗಿಗಳು. ಅರ್ಧದಷ್ಟು ಮಂದಿಗೆ ಮೂರು ತಿಂಗಳು ದಿನಕ್ಕೆ 20 ಮಿಲಿಗ್ರಾಂ ಫ್ಲೂಯೊಕ್ಸೆಟಿನ್. ಅವರ ಕೈಕಾಲುಗಳ ಚಲನೆ ಉಳಿದವರಿಗಿಂತ ಹೆಚ್ಚು ಸುಧಾರಿಸಿತು. ಹಳೆಯ, ಅಗ್ಗದ, ಮೂಲೆ ಅಂಗಡಿಯಲ್ಲೂ ಸಿಗುವ ಖಿನ್ನತೆಯ ಮಾತ್ರೆ ಸತ್ತ ಕೈಗೆ ಜೀವ ತರುತ್ತದೆ! ಹಲವು ದೇಶಗಳಲ್ಲಿ ವೈದ್ಯರು ಖಿನ್ನತೆ ಇರಲಿ ಬಿಡಲಿ ಅದನ್ನು ಬರೆದುಕೊಡತೊಡಗಿದರು.

ಇಲ್ಲಿ ಮೆಚ್ಚಬೇಕಾದದ್ದು ಆಮೇಲೆ ನಡೆದದ್ದು. 118 ಮಂದಿಯ ಮೇಲೆ ಇಷ್ಟು ದೊಡ್ಡ ಮಾತು ನಿಲ್ಲುವುದೆ ಎಂದು ಕೇಳಿದವರು ಒಂದೇ ಮಾದರಿಯ ಮೂರು ಪ್ರಯೋಗಗಳನ್ನು ಕೈಗೆತ್ತಿಕೊಂಡರು. ಬ್ರಿಟನ್ನಿನ 'ಫೋಕಸ್'ನಲ್ಲಿ 3,127 ರೋಗಿಗಳು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ವಿಯೆಟ್ನಾಂ ಸೇರಿದ 'ಅಫಿನಿಟಿ'ಯಲ್ಲಿ 1,280. ಸ್ವೀಡನ್ನಿನ 'ಎಫೆಕ್ಟ್ಸ್'ನಲ್ಲಿ 1,500. ಆರು ತಿಂಗಳು ಫ್ಲೂಯೊಕ್ಸೆಟಿನ್ ಕೊಟ್ಟು ನೋಡಿದರು. 2019, 2020ರಲ್ಲಿ ಅಚ್ಚಾದ ಮೂರೂ ಫಲಿತಾಂಶಗಳು ಹೇಳಿದ್ದು ಒಂದೇ: ದೈನಂದಿನ ಬದುಕಿನ ಸ್ವಾವಲಂಬನೆಯಲ್ಲಿ ಏನೂ ವ್ಯತ್ಯಾಸವಿಲ್ಲ. ಫೋಕಸ್‌ನಲ್ಲಿ ಹೊಸದಾಗಿ ಖಿನ್ನತೆ ಬಂದವರು ಮಾತ್ರೆಯ ಗುಂಪಿನಲ್ಲಿ ಶೇ. 13.43, ಹುಸಿ ಮಾತ್ರೆಯವರಲ್ಲಿ ಶೇ. 17.21. ಅಷ್ಟು ಲಾಭ ಉಂಟು. ಆದರೆ ಮೂಳೆ ಮುರಿದುಕೊಂಡವರು ಶೇ. 2.88, ಎದುರು ಗುಂಪಿನಲ್ಲಿ ಶೇ. 1.47. ಅರ್ಧ ಮೈ ಬಲವಿಲ್ಲದವರು ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಮನೆಯವರಿಗೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಈ ಮೂರು ಪ್ರಯೋಗಗಳಿಂದ ತಪ್ಪು ಪಾಠ ಕಲಿಯುವುದೂ ಸುಲಭ. ಎಲ್ಲರಿಗೂ ಮುಂಚಿತವಾಗಿ ಮಾತ್ರೆ ನುಂಗಿಸುವುದು ಬೇಡ ಎಂದು ಅವು ಹೇಳಿದವು. ಖಿನ್ನತೆ ಬಂದವರಿಗೆ ಔಷಧಿ ಬೇಡವೆಂದು ಹೇಳಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಲ್ಲಿ ಫ್ಲೂಯೊಕ್ಸೆಟಿನ್ ಗುಂಪಿನ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಲ್ಲವು, ವಯಸ್ಸಾದವರಲ್ಲಿ ಸೋಡಿಯಂ ಇಳಿಸಬಲ್ಲವು. ಹಾಗಾಗಿ ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುವ ವಸ್ತು ಇದಲ್ಲ. ತೂಗಿ ನೋಡಿ ಕೊಡಬೇಕಾದವರು ವೈದ್ಯರು.

ಔಷಧಿಗಿಂತ ಮೊದಲಿನ ತೊಡಕು ಗುರುತಿಸುವುದರಲ್ಲಿದೆ. ಖಿನ್ನತೆಯನ್ನು ಅಳೆಯಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕಳೆದ ಎರಡು ವಾರದಲ್ಲಿ ಹೇಗಿದ್ದಿರಿ ಎಂದು ಕೇಳುವ ಒಂಬತ್ತು ಪ್ರಶ್ನೆಗಳು; ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ; ಒಟ್ಟು ಹತ್ತು ಮುಟ್ಟಿದರೆ ಗಮನ ಕೊಡಬೇಕು. ಆ ಒಂಬತ್ತನ್ನು ಲಕ್ವ ಹೊಡೆದವರ ಮುಂದೆ ಇಟ್ಟು ನೋಡಿ. ನಿದ್ದೆ ಬರುವುದಿಲ್ಲವೆ? ಸುಸ್ತೆ? ಊಟ ಸೇರುವುದಿಲ್ಲವೆ? ಗಮನ ನಿಲ್ಲುವುದಿಲ್ಲವೆ? ನಡೆನುಡಿ ನಿಧಾನವಾಗಿದೆಯೆ? ಐದಕ್ಕೂ ಮಿದುಳಿನ ಪೆಟ್ಟೇ 'ಹೌದು' ಎಂಬ ಉತ್ತರ ಬರೆದುಬಿಟ್ಟಿರುತ್ತದೆ. ಅಂಕ ಏರಿದ್ದು ಖಿನ್ನತೆಯಿಂದಲೋ ಲಕ್ವದಿಂದಲೋ? ಅಳತೆಗೋಲಿನ ಈ ಗೊಂದಲದ ಬಗ್ಗೆಯೇ ದಶಕಗಳ ಚರ್ಚೆಯಿದೆ. ಉಳಿದ ನಾಲ್ಕರಲ್ಲಿ ಎರಡು ಮುಖ್ಯ: ಯಾವುದರಲ್ಲೂ ಆಸಕ್ತಿಯಿಲ್ಲವೆ, ಮನಸ್ಸು ಕುಗ್ಗಿ ಇನ್ನೇನೂ ಉಳಿದಿಲ್ಲ ಅನ್ನಿಸುತ್ತಿದೆಯೆ. ಆಸ್ಪತ್ರೆಯಲ್ಲಿ ಬಿಡುವಿಲ್ಲದಿದ್ದರೆ ಈ ಎರಡನ್ನಾದರೂ ಕೇಳಿ ಎಂಬುದು ಸಾಮಾನ್ಯ ಸಲಹೆ.

ನೋಡುವವರ ಕಣ್ಣು ತಪ್ಪಿಸುವ ಸಂಗತಿಗಳು ಬೇರೆಯೂ ಇವೆ. ಕೆಲವರು ಟಿವಿಯಲ್ಲಿ ಮದುವೆಯ ದೃಶ್ಯ ಬಂದರೂ ಬಿಕ್ಕಿಬಿಕ್ಕಿ ಅಳುತ್ತಾರೆ, ಅರ್ಧ ನಿಮಿಷದಲ್ಲಿ ಸರಿಹೋಗುತ್ತಾರೆ, ಕೇಳಿದರೆ "ನಂಗೇನೂ ದುಃಖ ಇಲ್ಲ, ಅಳು ತಡೆಯೋಕಾಗಲ್ಲ" ಎನ್ನುತ್ತಾರೆ. ಅದು ಖಿನ್ನತೆಯಲ್ಲ. ಅಳು-ನಗುವನ್ನು ಹತೋಟಿಯಲ್ಲಿಡುವ ನರಮಾರ್ಗಗಳು ಕೆಟ್ಟಾಗ ಹೀಗಾಗುತ್ತದೆ. ಇನ್ನು ಕೆಲವರು ಅಳುವುದೂ ಇಲ್ಲ, ನಗುವುದೂ ಇಲ್ಲ; ಕೂರಿಸಿದಲ್ಲಿ ಕೂರುತ್ತಾರೆ. ಮನಸ್ಸಿನಲ್ಲಿ ನೋವೂ ಇರುವುದಿಲ್ಲ, ಏನಾದರೂ ಮಾಡಬೇಕೆಂಬ ತುಡಿತವೇ ಬತ್ತಿರುತ್ತದೆ. ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ. ಬಲ ಮಿದುಳಿಗೆ ಪೆಟ್ಟು ಬಿದ್ದ ಕೆಲವರ ದನಿಯಲ್ಲಿ ಏರಿಳಿತವೇ ಅಳಿಸಿಹೋಗಿರುತ್ತದೆ. "ಬದುಕಿ ಪ್ರಯೋಜನ ಇಲ್ಲ" ಎಂಬ ಮಾತನ್ನೂ "ಕಾಫಿ ತಣ್ಣಗಾಯಿತು" ಎಂಬಷ್ಟು ಸಪ್ಪೆಯಾಗಿ ಹೇಳುತ್ತಾರೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಮೂರರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಕೊನೆಯದು.

ಮಾತೇ ಹೋದವರ ವಿಷಯಕ್ಕೆ ಮರಳೋಣ. ಅವರ ಬಗ್ಗೆ ಕೆಲಸ ಕೊನೆಗೂ ಶುರುವಾಗಿದೆ. ಬ್ರಿಟನ್ನಿನ ನಾದಿನಾ ಲಿಂಕನ್ ಮತ್ತು ಸಂಗಡಿಗರು 1998ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದನ್ನು ತುಂಬುವವರು ರೋಗಿಯಲ್ಲ, ಜೊತೆಗಿರುವವರು. ಅಳುತ್ತಾರೆಯೆ, ಎದುರಿಗೆ ಕೂತವರನ್ನು ನೋಡಲು ತಪ್ಪಿಸುತ್ತಾರೆಯೆ ಎಂಬಂಥ ಕಣ್ಣಿಗೆ ಕಾಣುವ ಸಂಗತಿಗಳನ್ನು ಅದು ಕೇಳುತ್ತದೆ. ಇದೇ ಬಳಗ 2013ರಲ್ಲಿ ಮಾತು ಕಳೆದುಕೊಂಡ 105 ಮಂದಿಯ ಮೇಲೆ ಪ್ರಯೋಗ ಮಾಡಿತು. ಮೊದಲು ಇಷ್ಟಪಡುತ್ತಿದ್ದ ಕೆಲಸಗಳನ್ನು ಚಿತ್ರ ತೋರಿಸಿ ಗುರುತಿಸಿ, ಅವನ್ನು ಚೂರುಚೂರಾಗಿ ಮತ್ತೆ ದಿನಚರಿಗೆ ತರುವ ಚಿಕಿತ್ಸೆ ಅದು. ಮನಸ್ಸಿನ ಸ್ಥಿತಿ ಸುಧಾರಿಸಿತು. ನಮ್ಮ ಊರುಗಳಲ್ಲಿ ಇದಕ್ಕೆ ಯಂತ್ರವೂ ಬೇಡ, ಆಮದೂ ಬೇಡ. ಹಾರ್ಮೋನಿಯಂ ನುಡಿಸುತ್ತಿದ್ದವರ ಎಡಗೈಗೆ ಅದರ ತಿದಿ, ಹೂ ಕಟ್ಟುತ್ತಿದ್ದವರ ಮಡಿಲಿಗೆ ಹೂವಿನ ಬುಟ್ಟಿ.

ಹುಬ್ಬಳ್ಳಿ ಕಡೆಯ ಫಿಸಿಯೋಥೆರಪಿ ಕೋಣೆಗಳಲ್ಲಿ ಇಂಥ ಮಾತುಕತೆ ಹೊಸದಲ್ಲ: "ಅಜ್ಜಾರ, ಇನ್ನೊಂದ್ ಸಲ ಕೈ ಎತ್ರಿ." "ಸಾಕ್ ಬಿಡವ್ವ, ಏನ್ ಮಾಡೂದೈತಿ ಇನ್ನ." ಸ್ನಾಯುವಿನಲ್ಲಿ ಬಲವಿದೆ, ಕೈ ಎದೆಯ ಮಟ್ಟಕ್ಕೆ ಎದ್ದಿದೆ. ಆದರೆ ಮಿದುಳು ಹೊಸ ದಾರಿ ಕಲಿಯಬೇಕಾದರೆ ಅದೇ ಚಲನೆಯನ್ನು ನೂರಾರು ಸಲ ಮಾಡಬೇಕು, ಮಾಡಲು ಮನಸ್ಸೇ ಇಲ್ಲ. ಖಿನ್ನತೆಯಿರುವವರು ಚೇತರಿಸಿಕೊಳ್ಳುವುದು ನಿಧಾನವೆಂದೂ ಅವರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದೂ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ನಮ್ಮಲ್ಲಿ ಆರೈಕೆಯ ಭಾರ ಬೀಳುವುದು ಮನೆಯವರ ಮೇಲೆ. ಮನೆಯವರಿಗೇ ಆರೈಕೆ, ವ್ಯಾಯಾಮದ ತರಬೇತಿ ಕೊಟ್ಟರೆ ಸಾಕೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನಿಟ್ಟುಕೊಂಡು 'ಅಟೆಂಡ್' ಎಂಬ ಪ್ರಯೋಗ ನಡೆಯಿತು. 2017ರಲ್ಲಿ ಬಂದ ಫಲಿತಾಂಶ ನಿರಾಸೆಯದು. ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ತರಬೇತಿ ಇದ್ದ, ಇಲ್ಲದ ಎರಡೂ ಗುಂಪಿನಲ್ಲಿ ಶೇ. 47. ಹೆಂಡತಿಗೋ ಸೊಸೆಗೋ ಒಂದಿಷ್ಟು ಹೇಳಿಕೊಟ್ಟು ಕಳಿಸಿದರೆ ಆಯಿತು ಎನ್ನುವ ಆರೋಗ್ಯ ವ್ಯವಸ್ಥೆಗೆ ಇದು ಉತ್ತರವೆಂದೇ ನಾನು ಓದುತ್ತೇನೆ. ಹಗಲು ರಾತ್ರಿ ಶುಶ್ರೂಷೆ ಮಾಡುವವರ ಮನಸ್ಸಿನ ಗತಿ ಏನೆಂದು ಕೇಳುವವರು ಇನ್ನೂ ಕಡಿಮೆ.

ಕರ್ನಾಟಕದಲ್ಲಿ ದಾರಿಗಳು ಇಲ್ಲದಿಲ್ಲ. ಮನೋಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿಸಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತ್ತು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದೇ ಮಾದರಿಯ ಮೇಲೆ ನಿಂತಿದೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಕೊರತೆಯಿರುವುದು ಪಾರ್ಶ್ವವಾಯುವಿನ ರೋಗಿಯ ಚೀಟಿಯಲ್ಲಿ. ಬಿಪಿ ಎಷ್ಟು, ಶುಗರ್ ಎಷ್ಟು ಎಂದು ಪ್ರತಿ ಭೇಟಿಯಲ್ಲೂ ಬರೆಯುವ ಆ ಚೀಟಿಯಲ್ಲಿ ಮನಸ್ಸು ಹೇಗಿದೆ ಎಂಬುದಕ್ಕೆ ಒಂದು ಸಾಲು ಬೇಕು.

ಆ ಸಾಲು ಬರುವವರೆಗೆ ಮನೆಯವರೇ ಕೇಳಬೇಕು. ಡಿಸ್ಚಾರ್ಜ್ ಆದ ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಆಸಕ್ತಿಯಿದೆಯೆ, ಮನಸ್ಸು ಕುಗ್ಗಿದೆಯೆ ಎಂಬ ಆ ಎರಡು ಪ್ರಶ್ನೆಗಳನ್ನು ಕೇಳಿ. ಮಾತು ಹೋದವರಾದರೆ ಊಟ, ಅಳು, ಕಣ್ಣೋಟವನ್ನು ಗಮನಿಸಿ. ಉತ್ತರ ಸರಿಯೆನಿಸದಿದ್ದರೆ ಮುಂದಿನ ಭೇಟಿಯಲ್ಲಿ ಬಿಪಿಗಿಂತ ಮೊದಲು ಅದನ್ನು ವೈದ್ಯರಿಗೆ ಹೇಳಿ. ಬದುಕು ಬೇಡವೆಂಬ ಮಾತು ಬಂದರೆ ಮುಂದಿನ ಭೇಟಿಗೆ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.